ಇದ್ದಿಲಪುಡಿಯ ಕಲಶ

ಡಾರ್ಕಸ್ ಕಲಶದ ಚಿತ್ರವಿದ್ದ ಕಾಗದದ ಸುರುಳಿಯನ್ನು ಎದೆಗವಚಿಕೊಂಡು ಅಪ್ಪನ ಶವಪೆಟ್ಟಿಗೆಯ ಆ ಬದಿಗೆ ಸರಿದಳು. ಈ ಬದಿಯಲ್ಲಿ ಅಪ್ಪನ ಕಚೇರಿಯ ಗುಮಾಸ್ತ ಲಿಸ್ಟರ್ ಕೈ ಚಾಚಿ ನಿಂತಿದ್ದ. ಉಳಿದ ನಕ್ಷೆಗಳನ್ನೆಲ್ಲ ಕಚೇರಿಯ ಸ್ವತ್ತೆಂದು ಆಗಲೇ ಚೀಲಕ್ಕೆ ತುಂಬಿದ್ದ. ಹೆಣ ಎತ್ತುವ ಹೊತ್ತಿಗೇ ಬರಬೇಕಿತ್ತೇ ಈ ಮನುಷ್ಯ?

ಅವಳಪ್ಪ ಆಂಬ್ರೋಸ್ ಟಿಲಿಂಗ್ ಲಂಡನ್ನಿನ ದೊಡ್ಡ ವಾಸ್ತುಶಿಲ್ಪಿಯೊಬ್ಬನ ಕೈಕೆಳಗೆ ಮೂವತ್ತು ವರ್ಷ ಕೂತು, ಸಿರಿವಂತರ ಮನೆಗಳ ಒಳಛಾವಣಿಗಳಿಗೆ ಹಳೇ ರೋಮಿನ ಮಾದರಿಯ ಎಲೆಬಳ್ಳಿ, ಹೂಮಾಲೆ, ಕಲಶ ಬರೆದವನು. ಹಾಳೆಯ ಕೆಳಗೆ ಬೀಳುತ್ತಿದ್ದದ್ದು ಮಾತ್ರ ಯಜಮಾನನ ಹೆಸರು. ಗೋರಿಗೆ ಕಲ್ಲು ನಿಲ್ಲಿಸುವಷ್ಟು ಸ್ಥಿತಿವಂತರಲ್ಲ ಇವರು. ಅಪ್ಪನ ಹೆಸರು ಎಲ್ಲಾದರೂ ಒಂದು ಕಡೆ ಇರಲಿ ಎಂಬುದಷ್ಟೇ ಡಾರ್ಕಸಳ ಆಸೆ.

"ಇದೊಂದು ಬಿಟ್ಬಿಡಿ ಸ್ವಾಮಿ. ಅಪ್ಪನ ಜೊತೆ ಇಡ್ತೀನಿ."

"ಕಲಶಾನಾ? ನಿಮ್ಮಪ್ಪ ಏನು ಜಹಗೀರದಾರನಾ? ಕಲಶ ಏನಿದ್ರೂ ದೊಡ್ಡೋರ ಗೋರಿಗೆ ಕಣಮ್ಮ."

ಹೆಗಲು ಕೊಡಲು ಬಂದಿದ್ದ ಗಾರೆ ಕೆಲಸದ ಜೋಬ್‌ಗೆ ಸುಮ್ಮನಿರಲಾಗಲಿಲ್ಲ. "ದೊಡ್ಡೋರು ಊಟದ ಕೋಣೇಲಿ ಅಂಥದೇ ಮರದ ಕಲಶದೊಳಗೆ ಚಾಕು ಚಮಚ ತುಂಬಿಡ್ತಾರೆ. ನಾನೇ ಕಂಡಿದೀನಿ."

ಯಾರೋ ನಕ್ಕರು. ಒಂದು ಹಾಳೆ ಕಡಿಮೆಯಾದರೂ ತನ್ನ ನೌಕರಿಗೆ ಸಂಚಕಾರ ಎಂದು ಲಿಸ್ಟರ್ ಗೊಣಗಿದ. ಪಾದ್ರಿಗೆ ಹನ್ನೊಂದಕ್ಕೆ ಇನ್ನೊಂದು ಹೆಣವಿದೆ, ಬೇಗ ಹೊರಡಿ ಎಂದು ಬಾಗಿಲಲ್ಲಿ ನಿಂತವರು ಅವಸರ ಮಾಡುತ್ತಿದ್ದರು.

*

ಗಾರೆಯವರಿಗೆ ಕೊಡುವ ಹಾಳೆಯಲ್ಲಿ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುವುದು ರೂಢಿ. ಅದನ್ನು ಛಾವಣಿಗೆ ಒತ್ತಿ ಹಿಡಿದು, ಇದ್ದಿಲಪುಡಿ ಕಟ್ಟಿದ ಬಟ್ಟೆಗಂಟು ತಟ್ಟಿದರೆ ಚಿತ್ರ ಅಲ್ಲಿ ಚುಕ್ಕೆಚುಕ್ಕೆಯಾಗಿ ಮೂಡುತ್ತದೆ. ಚುಚ್ಚುವ ಕೆಲಸ ಡಾರ್ಕಸಳದು.

ಒಂದು ಸಲ ಅಪ್ಪ ಈ ಕಲಶದ ಪೀಠದಲ್ಲಿ ತನ್ನ ಹೆಸರು ಬರೆದುಬಿಟ್ಟಿದ್ದ. ಯಜಮಾನ ಎಲ್ಲರೆದುರು ಚಾಕು ಕೊಟ್ಟು ಅವನ ಕೈಯಿಂದಲೇ ಅದನ್ನು ಕೆರೆಸಿದ. ಹಾಳೆಯನ್ನು ಚುಚ್ಚಲೆಂದು ಮನೆಗೆ ತಂದ ಅಪ್ಪ ಊಟ ಮುಟ್ಟಲಿಲ್ಲ. ಕಿಟಕಿಗೂ ಬಾಗಿಲಿಗೂ ಓಡಾಡಿದ್ದೇ ಓಡಾಡಿದ್ದು.

"ಪೀಠ ನನಗೆ ಬಿಡು ಮಗಳೇ" ಎಂದು ಕೊನೆಗೆ ಸೂಜಿ ಕಸಿದುಕೊಂಡ.

ಪಕ್ಕದ ದೊರೆಯ ಛಾವಣಿಯಲ್ಲೂ ಇಂಥದೇ ಕಲಶವಿದೆ ಎಂದು ತಿಳಿದು, ಛಾವಣಿ ಮಾಡಿಸುತ್ತಿದ್ದ ಸಿರಿವಂತರು ಆ ನಕ್ಷೆಯನ್ನೇ ಬೇಡವೆಂದರು. ಹಾಳೆ ಬಳಕೆಯಾಗದೆ ಅಪ್ಪನ ಪೆಟಾರಿ ಸೇರಿತು.

*

ಡಾರ್ಕಸ್ ಥಟ್ಟನೆ ಸುರುಳಿ ಬಿಚ್ಚಿ ಶವಪೆಟ್ಟಿಗೆಯ ಮುಚ್ಚಳದ ಮೇಲೆ ಹರಡಿದಳು.

"ಜೋಬ್ ಮಾಮಾ, ಗಟ್ಟಿಯಾಗಿ ಹಿಡ್ಕೋ."

ಗೋಡೆಯ ಗೂಡಿನಿಂದ ಇದ್ದಿಲಪುಡಿಯ ಬಟ್ಟೆಗಂಟು ತಂದು ತಟತಟನೆ ತಟ್ಟಿದಳು. ಆಮೇಲೆ ಹಾಳೆಯನ್ನು ಮೆಲ್ಲಗೆ ಎತ್ತಿ ಲಿಸ್ಟರನ ಕೈಗಿಟ್ಟಳು. "ತಗೊಳ್ಳಿ. ನಿಮ್ಮ ಹಾಳೆ ನಿಮಗೆ."

ಬಣ್ಣ ಕಾಣದ ಹಲಗೆಯ ಮೇಲೆ ಕಲಶ ಕಪ್ಪಗೆ ಮೂಡಿತ್ತು. ಪೀಠದಲ್ಲಿ, ಚಾಕು ಕೆರೆದಿದ್ದ ಜಾಗದಲ್ಲಿ, ಸಣ್ಣ ಚುಕ್ಕೆಗಳು: ಆಂಬ್ರೋಸ್ ಟಿಲಿಂಗ್.

ಡಾರ್ಕಸ್ ಬಾಗಿ ಓದಿದಳು. ಅವತ್ತು ಅಪ್ಪ ಚುಚ್ಚಿದ್ದು ಇದನ್ನು.

ಲಿಸ್ಟರ್ ಕೈಯಲ್ಲಿದ್ದ ಹಾಳೆಯನ್ನೂ ಮುಚ್ಚಳವನ್ನೂ ಮತ್ತೆ ಮತ್ತೆ ನೋಡಿದ. ಅಂಗೈಯಿಂದ ಒಮ್ಮೆ ಒರೆಸಿದ್ದರೆ ಮುಗಿಯುತ್ತಿತ್ತು. ಅವನು ಟೋಪಿ ತೆಗೆದು ದಾರಿ ಬಿಟ್ಟ.

ಹೊರಗೆ ಹನಿ ಶುರುವಾಗಿತ್ತು. ಜೋಬ್ ಆಕಾಶವನ್ನು ಬೈದು, ಪೆಟ್ಟಿಗೆಯನ್ನು ಹೆಗಲಿಗೇರಿಸಬೇಡಿ, ಕೈಯಲ್ಲೇ ಹಿಡಿಯಿರಿ ಎಂದ. ತನ್ನ ಕೋಟು ಕಳಚಿದ. ಕೋಟಿನ ಒಂದು ತುದಿ ಅವನು, ಇನ್ನೊಂದು ತುದಿ ಡಾರ್ಕಸ್ ಹಿಡಿದು, ಮುಚ್ಚಳಕ್ಕೆ ತಾಗದ ಹಾಗೆ ಅದರ ಮೇಲೆ ಎತ್ತಿಕೊಂಡು, ಇಬ್ಬರೂ ತೊಯ್ಯುತ್ತ ಸ್ಮಶಾನದವರೆಗೆ ನಡೆದರು.