ಹೋಗಿ ನೋಡುವ ಹುಳ

ಆಸ್ಪತ್ರೆಗಳ ಹಾಸು, ಹೊದಿಕೆ ಒಗೆಯುವ ಕಾರ್ಖಾನೆ ನಮ್ಮದು. ಅಕ್ಕ ಇಸ್ತ್ರಿ ಯಂತ್ರದಲ್ಲಿ, ನಾನು ಅವಳ ಜೊತೆಗೆ. ವಾರಕ್ಕೊಮ್ಮೆ ಅಕ್ಕ ಆವಿಯ ಕೊಳವೆಯ ಮುಚ್ಚಳ ಬಿಚ್ಚಿ ಒಳಗಿನ ಜರಡಿ ತೊಳೆಯುತ್ತಾಳೆ. ಅದಕ್ಕೆ ಮೊದಲು ಬಾಯ್ಲರಿನವನು ವಾಲ್ವ್ ತಿರುಗಿಸಿ "ಮುಚ್ಚಿದೆ" ಎಂದು ಕೂಗಬೇಕು. ನಾನು ಗೋಡೆಯಾಚೆ ಹೋಗಿ, ಆ ವಾಲ್ವನ್ನು ಮುಟ್ಟಿ, "ನೋಡಿದೆ" ಎನ್ನಬೇಕು. ಅಲ್ಲಿಯವರೆಗೆ ಅಕ್ಕ ಮುಚ್ಚಳ ಬಿಚ್ಚುವ ಪಾನಾ ಎತ್ತುವುದಿಲ್ಲ.

ಮ್ಯಾನೇಜರು ಎರಡು ದಿನದ ತರಬೇತಿ ಮುಗಿಸಿ ಬಂದವರೇ ನಮ್ಮನ್ನೆಲ್ಲ ಸೇರಿಸಿದರು.

"ಜೇನುಗೂಡಲ್ಲಿ ಸೂಪರ್‌ವೈಸರ್ ಇದಾನೇನ್ರೀ? ಒಂದು ಹುಳ ಹೊಸ ಜಾಗ ಕಂಡು ಬಂದು ಕುಣಿಯತ್ತೆ. ಮಿಕ್ಕವು ನಂಬ್ಕೊಂಡು ಹಾರ್ತವೆ. ನಾವೋ, ಒಂದು ವಾಲ್ವ್‌ಗೆ ಇಬ್ಬರು. ನಾಳೆಯಿಂದ ಒಬ್ಬರ ಮಾತು ಸಾಕು."

"ತರಬೇತೀಲಿ ತಲೆಗೇ ಹುಳ ಬಿಟ್ಟು ಕಳ್ಸಿದಾರೆ," ಅಕ್ಕ ನನ್ನ ಕಿವಿಯಲ್ಲಿ ಅಂದಳು.

ಮ್ಯಾನೇಜರು ನನ್ನತ್ತ ತಿರುಗಿದರು. "ನಿಮ್ಮಜ್ಜಿ ಜೇನು ಸಾಕಿದ್ರಂತಲ್ಲಮ್ಮ. ನಾನು ಹೇಳಿದ್ದು ಸರಿ ತಾನೆ?"

ಅಷ್ಟು ಜನರ ಮುಂದೆ ನನ್ನನ್ನು ಯಾರೂ ಏನೂ ಕೇಳಿದ್ದಿಲ್ಲ. ಅಜ್ಜಿಯ ಗೂಡು, ಹೊಗೆಯ ವಾಸನೆ, ಅವಳ ಮಡಿಲು ನೆನಪಿಗೆ ಬಂದವು. ಆ ಗುಂಗಿನಲ್ಲೇ ಹೌದೆಂದು ತಲೆಯಾಡಿಸಿಬಿಟ್ಟೆ.

ಮೂರನೆಯ ವಾರ ಬಾಯ್ಲರಿನವನು "ಮುಚ್ಚಿದೆ" ಎಂದು ಕೂಗಿದ. ಅವನು ಮುಚ್ಚಿದ್ದು ಪಕ್ಕದ ಯಂತ್ರದ ವಾಲ್ವ್. ಅಭ್ಯಾಸಬಲದಿಂದ ನಾನು ಎರಡು ಹೆಜ್ಜೆ ಇಟ್ಟೆ, ಆಮೇಲೆ ಹೊಸ ನಿಯಮ ನೆನಪಾಗಿ ನಿಂತೆ. ಅಕ್ಕ ಮುಚ್ಚಳ ಬಿಚ್ಚಿದಳು.

ಈಗ ಅವಳ ಎರಡೂ ಕೈ ಮೊಣಕೈವರೆಗೆ ಬ್ಯಾಂಡೇಜಿನಲ್ಲಿವೆ. ಬಲಗೈಯಲ್ಲಿ ಎರಡು ಬೆರಳು ಉಳಿಯುವುದಿಲ್ಲವಂತೆ. ಆಸ್ಪತ್ರೆಯ ಹಾಸಿಗೆಯ ಮೇಲೆ ನಾವೇ ಒಗೆದ ಹೊದಿಕೆ. ಅಂಚಿನಲ್ಲಿ ನಮ್ಮ ಕಾರ್ಖಾನೆಯ ಗುರುತು.

"ಏನಾದ್ರೂ ಹೇಳೇ. ಅಜ್ಜಿ ಕಥೆ ಯಾವ್ದಾದ್ರೂ," ಎಂದಳು.

ಗಂಜಿ ಕುಡಿಸುತ್ತಾ ಹೇಳತೊಡಗಿದೆ. ಬಾಯಿಗೆ ಬಂದದ್ದು ಅದೊಂದೇ. ಗೂಡು ಬಿಟ್ಟ ಜೇನುಗಳು ಕೊಂಬೆಗೆ ಜೋತುಬಿದ್ದಿರುತ್ತವೆ. ಮನೆ ಹುಡುಕಲು ಹೋದವಳೊಬ್ಬಳು ಬಂದು ಕುಣಿಯುತ್ತಾಳೆ. ಅವಳ ಮಾತನ್ನು ಜೊತೆಯ ಹುಡುಕಾಳುಗಳು ಹಾಗೇ ಒಪ್ಪುವುದಿಲ್ಲ. ತಾವೇ ಹಾರಿ ಹೋಗಿ, ಪೊಟರೆಯೊಳಗೆ ಅಡ್ಡಾಡಿ, ಗೋಡೆಗೋಡೆಯನ್ನೂ ಮುಟ್ಟಿ ಬರುತ್ತಾರೆ. ಹಿಡಿಸಿದರೆ ಮಾತ್ರ ತಾವೂ ಕುಣಿಯುತ್ತಾರೆ.

ಅಕ್ಕ ನನ್ನತ್ತ ತಿರುಗಿದಳು.

"ಇದು ನಿಂಗೆ ಅವತ್ತೂ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

ಚಮಚ ಎತ್ತಿದೆ. ಅವಳು ಬಾಯಿ ತೆರೆಯಲಿಲ್ಲ.