ಪೆನ್ಸಿಲ್ ಏಳುವ ತನಕ

ಹೆಣದ ತಲೆ ಮತ್ತೆ ಎಡಕ್ಕೆ ವಾಲಿತು.

“ಹಿಡ್ಕಳ್ರೋ!” ಎಂದು ಮಹಾಲಿಂಗಯ್ಯ ಸತ್ತ ಅಣ್ಣ ಚನ್ನಮಲ್ಲಯ್ಯನ ಗದ್ದಕ್ಕೆ ಕೈ ಕೊಟ್ಟ. “ಬಿಗಿಯಾಗಿ ಕಟ್ರಯ್ಯ ಅಂದ್ರೆ ಮದುವೆ ಗಂಡಿಗೆ ಪೇಟ ಸುತ್ತಿದಂಗೆ ಸುತ್ತೀರಲ್ಲ. ಗೋಡೇಲಿ ಒಂದು ಗೂಟ ಇಲ್ವಾ?”

ಗೂಟವಿರಲಿಲ್ಲ. ಕಿಟಕಿಯ ಪಕ್ಕ ಒಂದು ಕಬ್ಬಿಣದ ಕೊಕ್ಕೆಯಿತ್ತು. ಮಾಡಿನಿಂದ ಇಳಿಯುವ ರೇಡಿಯೋದ ಏರಿಯಲ್ ತಂತಿ ಸುತ್ತುವುದಕ್ಕೆಂದು ಚನ್ನಮಲ್ಲಯ್ಯ ತಾನೇ ಹೊಡೆದದ್ದು. ತಂತಿ ಹೋಗಿ ಏಳು ವರ್ಷವಾಗಿತ್ತು, ಕೊಕ್ಕೆ ಉಳಿದಿತ್ತು. ಹೆಣವನ್ನು ಅದರ ಕೆಳಕ್ಕೆ ಸರಿಸಿ, ಗದ್ದದಿಂದ ನೆತ್ತಿಗೆ ಬಿಗಿದ ಬಿಳಿ ಬಟ್ಟೆಯ ತುದಿಯನ್ನು ಅದಕ್ಕೆ ಕಟ್ಟಿದರು. ತಲೆ ನಿಂತಿತು. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಕಿವಿಗಳ ಮೇಲೆ ಹಾದುಹೋದ ಆ ಬಟ್ಟೆಯಿಂದಾಗಿ, ಬದುಕಿದ್ದಾಗ ಹೆಡ್‌ಫೋನು ಸಿಕ್ಕಿಸಿಕೊಂಡು ಕೂರುತ್ತಿದ್ದ ಹಾಗೆಯೇ ಕಾಣುತ್ತಿದ್ದ.

ಅವನ ಹೆಂಡತಿ ಸಿದ್ದಗಂಗಮ್ಮ ಮುಖ ತಿರುಗಿಸಿಕೊಂಡಳು.

“ನಿನ್ನೆ ತಾನೇ ಅಂಗಡೀಲಿ ಬೆಣ್ಣೆ ತೂಗಿಸ್ಕಂಡ್ರು ಕಣಮ್ಮ,” ಎಂದಳು ಗೊಲ್ಲರಹಟ್ಟಿಯ ಗಿರಿಯಮ್ಮ, ಅವಳ ಬೆನ್ನು ಸವರುತ್ತ. “ಎದೆ ಹಿಡ್ಕಂಡು ಕುಂತೋರು ಏಳಲೇ ಇಲ್ಲ. ಈಗ ನೋಡು, ‘ನೀರು ಸೇರಿಸಿದ್ಯೇನೆ ಗಿರೀ’ ಅಂತ ಕೇಳೋ ಅಂಗೆ ಕುಂತವ್ರೆ.”

ಅಷ್ಟರಲ್ಲಿ ಜವಳಿ ಅಂಗಡಿಯ ವೃಷಭೇಂದ್ರಪ್ಪ ಬಂದ. ಕೈಯಲ್ಲಿ ಆಳುದ್ದದ ಸೇವಂತಿಗೆ ಹಾರ. ಹಾರವಿಲ್ಲದೆ ಆ ಮನುಷ್ಯ ಯಾರ ಮನೆಗೂ ಹೋದವನಲ್ಲ, ಸತ್ತವರ ಮನೆಯಲ್ಲೂ ಗಂಟಲು ತಗ್ಗಿಸಿದವನಲ್ಲ.

“ನಾಲ್ಕು ತಾಲ್ಲೂಕಿಗೆ ಒಬ್ಬನೇ ಒಬ್ಬ!” ಎಂದು ಹಾರ ಹಾಕಿ ಕೂಗಿದ. “ಗಾಳೀಲಿ ಮಾತಾಡೋಕೆ ಸರ್ಕಾರದಿಂದ ಲೈಸೆನ್ಸ್ ಪಾಸ್ ಮಾಡಿದೋನು ಮಧುಗಿರೀಲಿ ಇನ್ಯಾರಿದಾರೆ? ಮಹಾಲಿಂಗಯ್ಯ, ಮೆರವಣಿಗೆ ಕಚೇರಿ ಮುಂದೇನೇ ಹೋಗ್ಬೇಕು. ಗುಂಡಿ ಹತ್ರ ನಾಲ್ಕು ಮಾತು ಆಡಿಸ್ತೀನಿ. ಗಂಗಹನುಮಯ್ಯ ತುಮಕೂರಿನ ಬಸ್ಸಿಗೆ ಬರ್ತಾ ಇದಾನೆ. ಪರೀಕ್ಷೆಗೆ ಬೆಂಗಳೂರಿಗೆ ಕರ್ಕೊಂಡು ಹೋಗಿದ್ದೋನೇ ಅವನು. ಅವನ ಬಾಯಲ್ಲೇ ಜನ ಕೇಳ್ಲಿ!”

ಚನ್ನಮಲ್ಲಯ್ಯ ಪಾಸಾಗಿರಲಿಲ್ಲ. ಇದು ಗೊತ್ತಿದ್ದದ್ದು ಸಿದ್ದಗಂಗಮ್ಮನೂ ಸೇರಿ ಮೂವರಿಗೆ. ಅವರಲ್ಲಿ ಒಬ್ಬ ಕೊಕ್ಕೆಗೆ ಕಟ್ಟಿಸಿಕೊಂಡು ಕೂತಿದ್ದ.

*

ಪೇಟೆಬೀದಿಯಲ್ಲಿ ಬೆಲ್ಲ, ಕೊಬ್ಬರಿ, ಹುರಿಗಡಲೆ ತೂಗುತ್ತಿದ್ದವನಿಗೆ ವೈರ್‌ಲೆಸ್ಸಿನ ಹುಚ್ಚು ಎಲ್ಲಿಂದ ಹತ್ತಿತೋ ಯಾರಿಗೂ ತಿಳಿಯದು. ಬೆಂಗಳೂರಿಗೆ ದಿನಸಿ ತರಲು ಹೋದವನು ಮೆಣಸಿನ ಮೂಟೆಯ ಜೊತೆ ತಾಮ್ರದ ತಂತಿಯ ಸುರುಳಿ ತರುತ್ತಿದ್ದ. ಮಾಡಿನಿಂದ ಹಿತ್ತಲ ಹುಣಸೆಮರಕ್ಕೆ ತಂತಿ ಎಳೆದ. ಅದರ ಮೇಲೆ ಬಟ್ಟೆ ಒಣಗಿಸಿದ ಹೆಂಡತಿಗೆ ಬೈದ. ಸಂಜೆ ಅಂಗಡಿ ಮುಚ್ಚಿ ಬಂದರೆ ಕಾಲು ತೊಳೆದು, ಲಿಂಗಪೂಜೆ ಮುಗಿಸಿ, ರೇಡಿಯೋ ಪೆಟ್ಟಿಗೆಯ ಮುಂದೆ ಕೂತ ಎಂದರೆ ಮುಗಿಯಿತು. ಊಟಕ್ಕೆ ಕರೆದು ಕರೆದು ಅವಳ ಗಂಟಲು ಒಣಗಬೇಕು.

ಒಂದು ದಿನ ಹೆಡ್‌ಫೋನನ್ನು ಅವಳ ಕಿವಿಗೇ ಹಿಡಿದ.

“ಜೀರುಂಡೆ ಕಣ್ರೀ,” ಎಂದಳು.

“ಜೀರುಂಡೆ ಅಲ್ಲ ಕಣೇ. ರಂಗೂನಲ್ಲಿ ಯಾವನೋ ಕೂತ್ಕಂಡು ತಂತಿ ಕುಟ್ತಾ ಅವ್ನೆ. ದಿನಾ ಅದನ್ನೇ ಕುಟ್ತಾನೆ, ಅದಕ್ಕೇ ಅದೊಂದು ನಂಗೆ ತಿಳಿಯುತ್ತೆ.”

“ಏನಂತೆ ಅವನಿಗೆ?”

“ಯಾರಾದ್ರೂ ಇದೀರಾ ಅಂತ.”

“ಪಾಪ. ಇದೀವಿ ಅನ್ರಲ್ಲ ಮತ್ತೆ.”

“ಅನ್ನಂಗಿಲ್ಲ. ಕೇಳೋಕೆ ಅಂಚೆ ಕಚೇರೀಲಿ ದುಡ್ಡು ಕಟ್ಟಿದ್ರೆ ಸಾಕು. ಓ ಅನ್ನೋಕೆ ಬ್ಯಾರೆ ಲೈಸೆನ್ಸ್. ಪರೀಕ್ಷೆ ಪಾಸ್ ಮಾಡ್ಬೇಕು.”

“ಮನುಷ್ಯ ಕೂಗಿದ್ರೆ ಓ ಅನ್ನೋಕೂ ಪರೀಕ್ಷೆಯಾ? ಥೂ!”

ಚನ್ನಮಲ್ಲಯ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ವ್ಯಾಪಾರವಿಲ್ಲ, ಲಾಭವಿಲ್ಲ, ಯಾರೋ ಕೂಗಿದರೆ ಓಗೊಡಬೇಕು.

ಪರೀಕ್ಷೆಯಲ್ಲಿ ತಂತಿ ಭಾಷೆ ಬರಬೇಕಿತ್ತು. ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಗಿಡ್ಡ ಏಟು, ಉದ್ದ ಏಟಿನ ಒಂದು ಲೆಕ್ಕ. ಆಫೀಸರು ಕುಟ್ಟುತ್ತಾ ಹೋಗುತ್ತಾನೆ, ಇವನು ಕಿವಿಯಲ್ಲಿ ಹಿಡಿದು ಬರೆಯುತ್ತಾ ಹೋಗಬೇಕು. ಮುರಿದ ಗರಗಸದ ತುಂಡಿಗೆ ತಕ್ಕಡಿಯ ಹಳೆಯ ಹಿತ್ತಾಳೆ ಬಟ್ಟು ಕೂರಿಸಿ, ಕುಟ್ಟುವುದಕ್ಕೆ ಒಂದು ಕೀಲಿ ಮಾಡಿದ. ಒತ್ತಿದರೆ ಟಾರ್ಚಿನ ಸೆಲ್ಲಿಗೆ ಜೋಡಿಸಿದ ಬಜರು ‘ಗುಂಯ್’ ಎನ್ನುತ್ತಿತ್ತು. ಕುಟ್ಟುವವರು ಬೇಕಲ್ಲ? ಆಗ ಊರ ಅಂಚೆ ಕಚೇರಿಯಲ್ಲಿ ತಂತಿ ಗುಮಾಸ್ತನಾಗಿದ್ದ ಗಂಗಹನುಮಯ್ಯ ಭಾನುವಾರ ಬಂದು ಪಟಪಟನೆ ಕುಟ್ಟಿ ಹೋಗುತ್ತಿದ್ದ. ಅವನು ಕುಟ್ಟಿದ್ದು ಅರ್ಧ ಸಿಕ್ಕಿದರೆ ಅರ್ಧ ಹೋಯಿತು. ಮಿಕ್ಕ ದಿನ ಸಿದ್ದಗಂಗಮ್ಮನೇ ಕೂತಳು. ಅವಳಿಗೆ ಕನ್ನಡದ ಅಕ್ಷರವೂ ಬಾರದು. ಆದರೆ ಅವನು ಸ್ಲೇಟಿನ ಮೇಲೆ ಬರೆದುಕೊಡುತ್ತಿದ್ದದ್ದು ಚುಕ್ಕಿ ಮತ್ತು ಗೆರೆ. ಹುಟ್ಟಿದಾಗಿನಿಂದ ಬಾಗಿಲಿಗೆ ರಂಗೋಲಿ ಹಾಕಿದವಳಿಗೆ ಅದೇನು ಕಷ್ಟ? ಚುಕ್ಕಿಗೆ ಗಿಡ್ಡ, ಗೆರೆಗೆ ಉದ್ದ. ವಾರದಲ್ಲಿ ಕೈ ಕೂತಿತು.

ಎದುರುಬದುರು ಕೂರುತ್ತಿದ್ದರು. ಅವಳು ಸ್ಲೇಟಿನಲ್ಲಿ ತನಗೆ ತೋಚಿದ ಸಾಲು ಒತ್ತುವಳು, ಅವನು ಬರೆಯುವನು. ಅವಳ ಒಂದು ಕಣ್ಣು ಸ್ಲೇಟಿನ ಮೇಲೆ, ಇನ್ನೊಂದು ಅವನ ಪೆನ್ಸಿಲ್ಲಿನ ಮೇಲೆ. ಪೆನ್ಸಿಲ್ ತಡವರಿಸಿದರೆ ಇವಳ ಬೆರಳು ತಾನಾಗಿ ನಿಲ್ಲುತ್ತಿತ್ತು. ಅದು ಬರೆದು ಮುಗಿಸಿ ಮೇಲೆದ್ದ ಮೇಲೆ ಮುಂದಿನದು. ಮಗುವಿಗೆ ಉಣ್ಣಿಸುವವಳು ಒಂದು ತುತ್ತು ನುಂಗುವ ತನಕ ಇನ್ನೊಂದು ತುತ್ತು ಎತ್ತುತ್ತಾಳೆಯೇ? ಹಾಗೆ.

“ನೋಡಿದ್ಯಾ, ಒಂದೂ ತಪ್ಪಿಲ್ಲ!” ಎಂದು ಅವನು ಹಾಳೆ ಎತ್ತಿ ತೋರಿಸುವನು. “ಗಂಗಹನುಮಯ್ಯಂದು ಒರಟು ಕೈ. ನಿಂದು ಮುತ್ತು ಪೋಣಿಸಿದಂಗೆ.”

ಅವಳಿಗೂ ಹೆಮ್ಮೆಯಾಗುತ್ತಿತ್ತು.

*

ಗಂಗಹನುಮಯ್ಯ ಬಂದವನು ಹೆಣಕ್ಕೆ ಕೈಮುಗಿದು ಜಗಲಿಯ ಮೂಲೆಯಲ್ಲಿ ನಿಂತ. ಕೂದಲು ನರೆತಿತ್ತು. ಸಿದ್ದಗಂಗಮ್ಮ ಎದ್ದು, ನೀರಿಗೆ ಹೋಗುವವಳ ಹಾಗೆ ಹಿತ್ತಲಿಗೆ ಹೋಗಿ ಅವನನ್ನು ಕರೆಸಿದಳು.

ಅವನು ಬರುವಷ್ಟರಲ್ಲಿ ಪರೀಕ್ಷೆಯ ಆ ಹಾಳು ದಿನ ಕಣ್ಣ ಮುಂದೆ ಬಂತು. ಬೆಂಗಳೂರಿನಿಂದ ಬಂದ ಬಸ್ಸಿನಿಂದ ಚನ್ನಮಲ್ಲಯ್ಯ ಕಾಲು ಕೆಳಗಿಟ್ಟನೋ ಇಲ್ಲವೋ, ಏನು ಎತ್ತ ಎಂದು ಕೇಳದೆ ವೃಷಭೇಂದ್ರಪ್ಪ ಹಾರ ಹಾಕಿಬಿಟ್ಟಿದ್ದ. ಬೀದಿಯೆಲ್ಲ ಹಿಂದೆ. ಇವಳು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವನು ಏನೋ ಹೇಳುವುದಕ್ಕೆ ಬಾಯಿ ತೆರೆದ. ಇವಳ ಮುಖ ನೋಡಿದ. ಬಾಯಿ ಮುಚ್ಚಿದ.

ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಅಂದಿದ್ದ: “ಪಾಸಾಗ್ಲಿಲ್ಲ ಕಣೆ. ಕಿವಿ ಮಂದ ನಂದು.”

“ಮತ್ತೆ ಹಾರ?”

“ನಾಳೆ ಹೇಳ್ತೀನಿ.”

ಆ ನಾಳೆ ಬರಲಿಲ್ಲ, ಯುದ್ಧ ಬಂತು. ವೈರ್‌ಲೆಸ್ಸಿನ ಸಾಮಾನು ಯಾರ ಹತ್ತಿರವೂ ಇರಕೂಡದೆಂದು ಹುಕುಮಾಯಿತು. ಪೊಲೀಸಿನವರು ಪೆಟ್ಟಿಗೆ, ತಂತಿ ಎಲ್ಲ ಹೊತ್ತುಕೊಂಡು ಹೋದರು, ಅಟ್ಟದ ಮೇಲಿದ್ದ ಕೀಲಿಯೊಂದು ಉಳಿಯಿತು. ಕೇಳಿದವರಿಗೆ ಚನ್ನಮಲ್ಲಯ್ಯ, “ಎಲ್ಲ ಲೈಸೆನ್ಸೂ ಸರ್ಕಾರ ನಿಲ್ಲಿಸಿದೆ,” ಎನ್ನುತ್ತಿದ್ದ. ಮಾತು ನಿಜ, ಮನುಷ್ಯ ಸುಳ್ಳು. ಅದು ಅವಳನ್ನು ಇನ್ನೂ ಸುಡುತ್ತಿತ್ತು. ಮದುವೆ ಮನೆಯಲ್ಲಿ ಹೆಂಗಸರು “ಲೈಸೆನ್ಸಿನವರ ಮನೆಯೋರು” ಎಂದರೆ ಸೆರಗು ಕಚ್ಚಿ ಎದ್ದು ಹೋಗುವಳು. “ಸುಳ್ಳನ ಹೆಂಡ್ತಿ ಅನ್ನಿಸ್ಕಳೋಕೆ ನನ್ನ ತಂದ್ರಾ?” ಎಂದು ಎಷ್ಟು ಸಲ ಮುಖದ ಮೇಲೆ ಅಂದಿದ್ದಳೋ. ಅವನು ಒಂದು ಸಲವೂ ಎದುರಾಡಲಿಲ್ಲ.

ಈಗ ಯುದ್ಧ ಮುಗಿದು, ಮತ್ತೆ ಲೈಸೆನ್ಸ್ ಕೊಡುತ್ತಾರೆಂಬ ಸುದ್ದಿ ಬಂದಿತ್ತು. ಹೋದ ಕಾರ್ತಿಕದಲ್ಲಿ ಅಟ್ಟದಿಂದ ಕೀಲಿ ಇಳಿಸಿ, ಧೂಳು ಒರೆಸಿ ಅವಳ ಮುಂದಿಟ್ಟಿದ್ದ.

“ಇನ್ನೊಂದ್ಸಲ ಕೂತ್ಕತೀಯಾ? ಈ ಸಲ ನಾನು ತಪ್ಪಿದ್ರೂ ನೀನು ನಿಲ್ಲಿಸಬ್ಯಾಡ. ನನ್ನ ಕಡೆ ನೋಡ್ಲೇಬ್ಯಾಡ, ಕುಟ್ತಾ ಹೋಗು.”

“ಯಾಕೆ, ಇನ್ನೊಂದು ಹಾರ ಬೇಕಾ?” ಎಂದು ಅವಳು ಕೀಲಿಯನ್ನು ಕಾಲಿನಿಂದ ತಳ್ಳಿದ್ದಳು.

ಕಾಲಿನಿಂದ. ಅವನು ಎತ್ತಿ ಕಣ್ಣಿಗೊತ್ತಿಕೊಂಡು ಅಟ್ಟಕ್ಕೆ ಇಟ್ಟ.

“ಏನಮ್ಮಾವ್ರೆ?” ಗಂಗಹನುಮಯ್ಯ ಬಾವಿಯ ಹತ್ತಿರ ನಿಂತಿದ್ದ.

“ಗುಂಡಿ ಹತ್ರ ನಿಮ್ಮನ್ನ ಮಾತಾಡು ಅಂತಾರೆ. ನಿಜ ಹೇಳ್ಬುಡಿ. ಪಾಸಾಗ್ಲಿಲ್ಲ ಅಂತ. ಸುಳ್ಳು ಹೊತ್ಕಂಡು ಮಣ್ಣಿಗೆ ಹೋಗೋದು ಬ್ಯಾಡ.”

“ಅದೆಲ್ಲ ಯಾಕೀಗ? ಹೋದೋರು ಹೋದ್ರು.”

“ನಾನು ಏಳು ವರ್ಷ ತಲೆ ತಗ್ಗಿಸ್ಕಂಡು ಓಡಾಡಿದೀನಿ! ಸುಳ್ಳನ ಜೊತೆ ಬಾಳಿ ನನ್ನ ಮಾನ ಹೋಯ್ತು.”

ಗಂಗಹನುಮಯ್ಯನ ಮುಖ ಕೆಂಪಗಾಯಿತು. “ಅವ್ರನ್ನ ಸುಳ್ಳ ಅನ್ನಬ್ಯಾಡಿ.”

“ಮತ್ತೇನನ್ನಲಿ?”

“ಆಣೆ ಹಾಕಿಸ್ಕಂಡಿದ್ರು, ಹೇಳ್ಬಾರದು ಅಂತ. ನೀವೇ ಹೇಳಿಸ್ತಾ ಇದೀರಿ.” ಅವನು ಬಾವಿಯ ಕಟ್ಟೆ ನೋಡುತ್ತ ಮಾತಾಡಿದ. “ಕಿಟಕಿ ಆಚೆ ನಾನು ನಿಂತಿದ್ದೆ. ಆಫೀಸರು ಕುಟ್ಟೋಕೆ ಶುರು ಮಾಡಿದ್ರು. ಮೊದಲ ಮಾತು ಚೆನ್ನಾಗಿ ಹಿಡಿದ್ರು. ಆಮೇಲೆ ಬರೆಯೋದ್ರಲ್ಲಿ ಹಿಂದೆ ಬಿದ್ರು. ಬಿದ್ದ ತಕ್ಷಣ ತಲೆ ಎತ್ತಿ ಆಫೀಸರ ಮುಖ ನೋಡಿದ್ರು. ಅವರು ನಿಲ್ಲಿಸ್ತಾರಾ? ಕುಟ್ತಾನೇ ಇದ್ರು. ಇವ್ರು ಮತ್ತೆ ಬರೆಯೋದು, ಮತ್ತೆ ತಲೆ ಎತ್ತೋದು. ಕೊನೇಗೆ ಪೆನ್ಸಿಲ್ ಕೆಳಗಿಟ್ಟು ಕೈ ಕಟ್ಕಂಡು ಕುಂತುಬುಟ್ರು.”

“ಆಮೇಲೆ?” ಎಂದಳು ಸಿದ್ದಗಂಗಮ್ಮ.

“ಆಚೆ ಬಂದಾಗ ಕೇಳ್ದೆ: ಯಾಕ್ ಸಾಮಿ ಅವರ ಮುಖ ನೋಡ್ತಾ ಇದ್ರಿ ಅಂತ. ನಗ್ತಾ ಅಂದ್ರು: ‘ನಮ್ಮನೇಲಿ ನಾನು ಬರೆಯೋ ತನಕ ಕಾಯ್ತಾಳೆ ಕಣಪ್ಪ.’ ಆಮೇಲೆ ನನ್ನ ಕೈ ಹಿಡ್ಕಂಡ್ರು. ‘ನನ್ನ ಕಿವಿ ಮಂದ ಅಂತ ಹೇಳ್ತೀನಿ. ಇದು ಅವಳ ಕಿವಿಗೆ ಬೀಳಬಾರದು’ ಅಂದ್ರು.”

ಒಳಗೆ ಮಠದಯ್ಯನವರು ಶಂಖ ಊದಿದರು. ಸಿದ್ದಗಂಗಮ್ಮ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಾವಿಕಟ್ಟೆಯ ಮೇಲೆ ಕೂತಳು.

*

ಬೆಟ್ಟದ ಬುಡದಲ್ಲಿ ಗುಂಡಿ ತೆಗೆದಿದ್ದರು. ಬೋಳು ಬಂಡೆ ಮಧ್ಯಾಹ್ನದ ಬಿಸಿಲನ್ನೆಲ್ಲ ಕುಡಿದು ಜನರ ಮುಖಕ್ಕೆ ಉಗುಳುತ್ತಿತ್ತು. ಚನ್ನಮಲ್ಲಯ್ಯನನ್ನು ಕೂತ ಹಾಗೆಯೇ ಇಳಿಸಿ, ಒಳಗಿನ ಗೂಡಿಗೆ ಒರಗಿಸಿದರು. ಸೇವಂತಿಗೆ ಹಾರ ಕೊರಳಲ್ಲೇ ಇತ್ತು.

“ಗಂಗಹನುಮಯ್ಯ, ಬಾರಯ್ಯ,” ಎಂದ ವೃಷಭೇಂದ್ರಪ್ಪ. “ನಮ್ಮ ಚನ್ನಮಲ್ಲಯ್ಯ ಪಾಸಾದ ದಿನ ನೀನೇ ಕಣ್ಣಾರೆ ಕಂಡೋನು. ಹೇಳು.”

ಗಂಗಹನುಮಯ್ಯ ಸಿದ್ದಗಂಗಮ್ಮನ ಕಡೆ ನೋಡಿದ. “ಒಳ್ಳೆ ಮನುಷ್ಯರು,” ಎಂದ. ಅಲ್ಲಿಗೆ ನಿಂತ.

“ಪಾಸಾಗ್ಲಿಲ್ಲ ಅವ್ರು.”

ಮಾತು ಅಷ್ಟು ಗಟ್ಟಿಯಾಗಿ ಬಂದೀತೆಂದು ಸಿದ್ದಗಂಗಮ್ಮನಿಗೇ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು.

“ನಾನು ಕೆಡಿಸ್ದೆ. ನನ್ನ ಕೈ ಕೆಡಿಸ್ತು.”

ಮಹಾಲಿಂಗಯ್ಯ ಹತ್ತಿರ ಬಂದು ಪಿಸುಗುಟ್ಟಿದ, “ಅತ್ತಿಗೆ, ಸುಮ್ಕಿರಿ. ಜನ ಅವ್ರೆ.” ಗಿರಿಯಮ್ಮ ಓಡಿಬಂದು ತಬ್ಬಿಕೊಂಡಳು. “ಸಂಕಟದಲ್ಲಿ ಏನೇನೋ ಅಂತಾ ಅವ್ರೆ ಕಣ್ರಪ್ಪ. ನೀರು ತನ್ನಿ ಯಾರಾದ್ರೂ.” ವೃಷಭೇಂದ್ರಪ್ಪ ತಲೆಯಾಡಿಸಿದ. “ಪತಿವ್ರತೆ. ಸಾವಿನ ತಪ್ಪೂ ತನ್ನ ಮೇಲೇ ಹಾಕ್ಕೊಳ್ತಾಳೆ ನೋಡಿ,” ಎಂದು ಕಣ್ಣೊರೆಸಿಕೊಂಡ.

ಪತಿವ್ರತೆ ಎಂಬ ಆ ಮಾತು ಹಾರದ ಹಾಗೆ ಸಿದ್ದಗಂಗಮ್ಮನ ಕೊರಳಿಗೆ ಬಿದ್ದಿತ್ತು. ಅವಳು ತೆಗೆಯಲಿಲ್ಲ.

“ವಿಭೂತಿ, ಪತ್ರೆ ಹಾಕಮ್ಮ,” ಎಂದರು ಮಠದಯ್ಯನವರು. “ಮೊದಲು ನೀನು. ಆಮೇಲೆ ಮಿಕ್ಕೋರು.”

ಅವಳು ಗುಂಡಿಯ ಅಂಚಿನಲ್ಲಿ ಮೊಣಕಾಲೂರಿದಳು. ತಟ್ಟೆಯಿಂದ ಒಂದು ಚಿಟಿಕೆ ವಿಭೂತಿ ತೆಗೆದು ಬಿಟ್ಟಳು. ಅದು ಪೆನ್ಸಿಲ್ ಹಿಡಿಯುತ್ತಿದ್ದ ಅವನ ಬಲಗೈಯ ಬೆರಳುಗಳ ಮೇಲೆ ಬಿತ್ತು. ಅವಳು ಆ ಬೆರಳುಗಳನ್ನೇ ನೋಡುತ್ತ ಕೂತಳು. ಹಿಂದೆ ಸಲಿಕೆ ಹಿಡಿದವರು ಕಾಲು ಬದಲಾಯಿಸಿದರು. ಇನ್ನೊಂದು ಚಿಟಿಕೆ ಎತ್ತಿದಳು, ಕೈ ಗುಂಡಿಯ ಮೇಲೆ ಬಂದು ನಿಂತಿತು.

“ಹಾಕಮ್ಮ, ಹೊತ್ತಾಗುತ್ತೆ,” ಎಂದರು ಅಯ್ಯನವರು.

ಅವಳ ಕಣ್ಣು ಆ ಬೆರಳುಗಳನ್ನು ಬಿಟ್ಟು ಕದಲಲಿಲ್ಲ. ಚಿಟಿಕೆ ಹಿಡಿದ ಕೈ ಹಾಗೆಯೇ ಗಾಳಿಯಲ್ಲಿ ನಿಂತೇ ಇತ್ತು.