ಬೆಂಡ್ ಮೇಲಿನ ಕೈ

ದೊಡ್ಡ ಸಾಹೇಬರಿಗೆ ಬೆಳಗಾದರೆ ಯಾರದ್ದಾದರೂ ಒಬ್ಬರ ಮಾನ ಹರಾಜಾಗಬೇಕು, ಆಮೇಲೇ ಚಹಾ ಗಂಟಲಲ್ಲಿ ಇಳಿಯೋದು. ಆ ಹಳೇ ವಿದ್ಯುತ್ ಸ್ಥಾವರಕ್ಕೆ ಅವರೇ ಮುಖ್ಯಸ್ಥರು, ಕೇಳೋರು ಯಾರು! ಹೊರಗಿನವರ ಪಾಡು ಹಾಗಿರಲಿ, ಅಲ್ಲೇ ಪಾಳಿ ಎಂಜಿನಿಯರ್ ಆಗಿದ್ದ ಸ್ವಂತ ಅಳಿಯನನ್ನೂ ಅವರು ಬಿಟ್ಟವರಲ್ಲ.

ಸ್ಥಾವರದಲ್ಲಿ ಒಂದು ರೂಢಿಯಿತ್ತು. ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ್ದು, ಆದರೆ ಮೀರಿದವರೂ ಇಲ್ಲ. ರಿಪೇರಿಯೋ ತಪಾಸಣೆಯೋ ಮುಗಿದು ಮತ್ತೆ ಒತ್ತಡ ಏರಿಸುವಾಗ, 'ಇದು ಸರಿಯಾಗಿದೆ' ಅಂತ ಸಹಿ ಹಾಕಿದವರು ಆ ಜಾಗದಲ್ಲೇ ನಿಂತು, ಕೊಳವೆಯ ತಗಡಿನ ಹೊದಿಕೆ ಮೇಲೆ ಕೈಯಿಟ್ಟುಕೊಂಡಿರಬೇಕು. ಹೋದ ವರ್ಷ ಒಂದು ವಾಲ್ವಿಗೆ ಸಹಿ ಹಾಕಿದ ಅಳಿಯ ಹಾಗೇ ನಿಂತಿದ್ದ. ಒಳಗೆಲ್ಲೋ ನೀರು ಸಿಕ್ಕಿಕೊಂಡು ಢಣ್ ಅಂದದ್ದೇ ತಡ, ಕೈ ಕಿತ್ತುಕೊಂಡು ಒಂದೇ ಉಸಿರಿಗೆ ಮೆಟ್ಟಿಲಿಳಿದಿದ್ದ. ಆಗಿದ್ದು ಏನೂ ಇಲ್ಲ. ಅವತ್ತಿಂದ ಅವನ ಹೆಸರು ಬೆಚ್ಚಪ್ಪ. ಹೊಲದಲ್ಲಿ ಹಕ್ಕಿ ಬೆಚ್ಚಿಸೋಕೆ ನಿಲ್ಲಿಸ್ತಾರಲ್ಲ, ಆ ಬೆಚ್ಚಪ್ಪ ಅಲ್ಲ. ತಾನೇ ಬೆಚ್ಚೋ ಬೆಚ್ಚಪ್ಪ. ಹೆಸರಿಟ್ಟವರು ಮಾವನೇ. ಊಟಕ್ಕೆ ಕೂತಾಗಲೂ, "ಏನಯ್ಯ ಬೆಚ್ಚಪ್ಪ, ಲೋಟ ಬಿದ್ರೆ ಓಡಬೇಡ, ಅನ್ನ ಆರಿಹೋಗುತ್ತೆ" ಅನ್ನೋರು. ಮಗಳು ಕೂಡ ಕಿಸಕ್ಕನೆ ನಕ್ಕುಬಿಡೋಳು. ಅವನೂ ನಗುತ್ತಿದ್ದ. ಪಾಪ, ಇನ್ನೇನು ಮಾಡ್ತಾನೆ?

ಈ ವರ್ಷ ಮೂರನೇ ಘಟಕದ ತಪಾಸಣೆಗೆ ಹೊರಗಿಂದ ಒಬ್ಬರು ಮೇಡಂ ಬಂದರು. ಬಾಯ್ಲರಿಗೆ ಕುದಿನೀರು ತಳ್ಳುವ ಕೊಳವೆ ಗೋಡೆ ಹತ್ತಿರ ತಿರುಗುವ ಕಡೆ ಒಂದು ಬೆಂಡ್ ಇದೆ. ಅದರ ಹೊದಿಕೆ ಬಿಚ್ಚಿಸಿ, ಬೆಣೆಯಷ್ಟಿದ್ದ ಮೀಟರಿನ ತುದಿ ಒತ್ತುತ್ತ ಉಕ್ಕಿನ ದಪ್ಪ ಅಳೆದರು. ಅಂಚಿನಲ್ಲಿ ಆರು ಮಿಲಿಮೀಟರ್, ಒಳಕ್ಕೆ ಬಂದಂತೆ ಐದು, ನಾಲ್ಕು, ಮೂರು. ಬೆಂಡಿನ ಬೆನ್ನಿನ ನಟ್ಟನಡುವೆ ಮತ್ತೆ ನಾಲ್ಕು!

"ನೋಡಿದ್ರಾ!" ಸಾಹೇಬರು ಚಪ್ಪಾಳೆ ತಟ್ಟಿದರು. "ನಮ್ಮ ಮುದುಕಿಗೆ ಬೆನ್ನು ಗಟ್ಟಿ ಇದೆ."

"ಇಲ್ಲ ಸರ್," ಮೇಡಂ ಮುಖ ಬಿಳಿಚಿಕೊಂಡಿತ್ತು. "ಇದು ಜೋಡಿ ಓದು. ತೀರಾ ತೆಳ್ಳಗಾದ್ರೆ ಈ ಮೀಟರ್ ತಾನು ಕಳಿಸಿದ ಶಬ್ದದ ಮೊದಲನೇ ಪ್ರತಿಧ್ವನಿ ಬಿಟ್ಟು ಎರಡನೇದನ್ನ ಹಿಡಿಯುತ್ತೆ. ಎರಡಿದ್ದದ್ದು ನಾಲ್ಕು ಅಂತ ಬರುತ್ತೆ. ಇದನ್ನ ಬದಲಾಯಿಸದೆ ಓಡಿಸೋ ಹಾಗಿಲ್ಲ."

"ಅಂದ್ರೆ ತೆಳ್ಳಗಾದಷ್ಟೂ ದಪ್ಪ ತೋರ್ಸುತ್ತೆ! ಹಾಗಾದ್ರೆ ನಮ್ಮ ಡೊಳ್ಳುಹೊಟ್ಟೆ ಅಡುಗೆಯವನನ್ನ ಅಳೀರಿ ಮೇಡಂ, ಕಡ್ಡಿ ಅಂತ ಬರಬಹುದು."

ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಅಳಿಯ ಮಾತ್ರ ಮೆಲ್ಲಗೆ, "ಮಾವ, ಅವರು ಹೇಳ್ತಿರೋದು ಸರಿ. ನಾನೂ ಓದಿದೀನಿ," ಅಂದ.

ಸಾಹೇಬರಿಗೆ ಅದೂ ಗೊತ್ತಿತ್ತು. ಜೋಡಿ ಓದು ಗೊತ್ತಿಲ್ಲದೆ ಆ ಕುರ್ಚಿಗೆ ಬಂದವರಲ್ಲ ಅವರು. ಆದರೆ ಆ ಬೆಂಡಿನ ಬದಲು ಹೊಸದು ಬರಬೇಕಾದರೆ ಘಟಕ ತಿಂಗಳುಗಟ್ಟಲೆ ನಿಂತೇ ಇರಬೇಕು. ಮುದಿ ಘಟಕ ಅಷ್ಟು ದಿನ ನಿಂತರೆ ಮೇಲಿನವರು ಮತ್ತೆ ಹೊತ್ತಿಸೋಕೆ ಬಿಡೋದಿಲ್ಲ, ಅದರ ಜೊತೆ ಇವರೂ ಮನೆಗೆ. ಮನೆಯಲ್ಲಿ ಕೂತು ಯಾರನ್ನ ಗೋಳುಹೊಯ್ದುಕೊಳ್ಳೋದು? ಮೇಡಂ 'ಓಡಿಸಬಾರದು' ಅಂತ ಬರೆದರೆ ಇವರು ಅದರ ಕೆಳಗೇ, 'ಮೀಟರಿನ ಪ್ರಕಾರ ನಾಲ್ಕು, ಸುರಕ್ಷಿತ' ಅಂತ ಬರೆದು ಸಹಿ ಜಡಿದರು. ಮೇಡಂ ಕಣ್ಣಲ್ಲಿ ನೀರು ತುಂಬಿಕೊಂಡೇ ಗೇಟು ದಾಟಿದರು. ಯಾರೂ ಬೀಳ್ಕೊಡೋಕೆ ಹೋಗಲಿಲ್ಲ.

ಒತ್ತಡ ಏರಿಸುವ ದಿನ ಬೆಳಿಗ್ಗೆ ಮಗಳು ಡಬ್ಬಿ ಕಟ್ಟುತ್ತ ಕೇಳಿದಳು: "ಅಪ್ಪ, ಇವತ್ತು ಸಹಿ ನಿಮ್ಮದಂತೆ? ನೀವೇ ನಿಲ್ತೀರಾ ಹಾಗಾದ್ರೆ?"

"ಮತ್ತೆ ಇನ್ಯಾರು?" ಅಂದರು. ಹಾಗಂದಾಗ ನಿಲ್ಲೋದು ಅಂತಲೇ ಇತ್ತು ಮನಸ್ಸಿನಲ್ಲಿ.

ಆದರೆ ಬೆಂಡಿನ ಹತ್ತಿರ ಹೋದಾಗ ಸಾಹೇಬರಿಗೆ ಎರಡು, ಎರಡು ಅಂತ ಒಳಗೇ ಯಾರೋ ಹೇಳಿದಂತಾಯಿತು. ಥೂ ಅಂತ ಅದನ್ನು ಕೊಡವಿಕೊಂಡರು. ಮೇಲಿಂದ ಕೆಳಗಿನ ತನಕ ಎಲ್ಲರೂ ನೋಡುತ್ತಿದ್ದರು. ತಟ್ಟನೆ ಅಳಿಯನ ಹೆಗಲ ಮೇಲೆ ಕೈಹಾಕಿ, ಎಲ್ಲರಿಗೂ ಕೇಳೋ ಹಾಗೆ, "ಈ ಸಲ ನಮ್ಮ ಬೆಚ್ಚಪ್ಪ ನಿಲ್ಲಲಿ! ಮಾವನ ಸಹಿಗೆ ಅಳಿಯನ ಕೈ. ಹೆಸರು ತೊಳ್ಕೊಳ್ಳೋಕೆ ಇದಕ್ಕಿಂತ ಒಳ್ಳೇ ಮುಹೂರ್ತ ಸಿಗುತ್ತಾ?" ಅಂದರು.

ಅಳಿಯ ಅವರ ಮುಖವನ್ನೇ ನೋಡಿದ. "ಮಾವ, ನಿಮಗೂ ಗೊತ್ತಲ್ವಾ..."

"ಕೈ ತೆಗೆದೆಯೋ, ನನ್ನ ಮನೆ ಹೊಸ್ತಿಲು ತುಳೀಬೇಡ," ಅಂತ ಕಿವಿಯಲ್ಲಿ ಉಸುರಿ, ಸಾಹೇಬರು ನಗುತ್ತಲೇ ಗಾಜಿನ ಹಿಂದಿನ ಕಂಟ್ರೋಲ್ ರೂಮಿಗೆ ನಡೆದರು.

ಒತ್ತಡದ ಮುಳ್ಳು ಏರಿತು. ಬೆಂಡಿನ ಬೆನ್ನಲ್ಲಿ ಮೊದಲು ಸುಯ್ ಅಂತ ಸಣ್ಣ ಸದ್ದು. ಅಕ್ಕಪಕ್ಕದ ಫಿಟ್ಟರುಗಳು, "ಸಾರ್, ಬನ್ನಿ! ಓಡಿ ಬನ್ನಿ!" ಅಂತ ಕೂಗುತ್ತಲೇ ಮೆಟ್ಟಿಲಿಗೆ ಹಾರಿದರು. ಸಾಹೇಬರು ಗಾಜಿಗೆ ಮುಖ ಹಚ್ಚಿದರು. 'ಓಡೋ, ಓಡೋ ಮಾರಾಯ' ಅಂತ ಬಾಯಿ ಅಲ್ಲಾಡಿತು. ದಪ್ಪ ಗಾಜು, ಆ ಕಡೆ ಏನು ಕೇಳೀತು? ಅಳಿಯ ಕಣ್ಣು ಗಟ್ಟಿಯಾಗಿ ಮುಚ್ಚಿ, ಒಂದು ಕೈ ಸಾಲದು ಅಂತ ಇನ್ನೊಂದನ್ನೂ ತಗಡಿಗೆ ಒತ್ತಿದ. ಆಮೇಲೆ ಗಾಜಿನಾಚೆ ಬರೀ ಬಿಳಿ.

ಆಸ್ಪತ್ರೆಯಲ್ಲಿ ಅವನ ಮೈಯಲ್ಲಿ ಬಟ್ಟೆ ಸುತ್ತದ ಜಾಗ ಅಂದರೆ ತುಟಿ, ಒಂದು ಕಿವಿ. ಮಗಳು ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದಳು, ಅತ್ತಿರಲಿಲ್ಲ. ಸಾಹೇಬರು ಸ್ಟೂಲ್ ಎಳೆದುಕೊಂಡು, ಸುತ್ತಿದ ಬಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟರು.

"ಮಾವನಾ?" ತುಟಿ ಅಲುಗಿತು. "ನೋಡಿದ್ರಾ? ಈ ಸಲ ಕೈ ತೆಗೀಲಿಲ್ಲ ನಾನು."

"ಇಲ್ಲಪ್ಪ. ತೆಗೀಲಿಲ್ಲ. ಭೇಷ್," ಅಂದರು ಸಾಹೇಬರು. ಮದುವೆಯಾದಾಗಿಂದ ಅವನು ಅವರ ಬಾಯಿಂದ ಕೇಳದ ಮಾತು ಅದು.

"ಇವಳಿಗೂ ಹೇಳಿ. ಮನೇಲಿ ಇನ್ನು ಹಾಗೆ ಕರೆಯೋದು ಬೇಡ ಅಂತ."

ಮಗಳು ಬಾಯಿಗೆ ಸೆರಗು ತುರುಕಿಕೊಂಡಳು. "ಅಲ್ಲಿ ನಿಲ್ಲಬೇಕಾಗಿದ್ದೋರು ನೀವಲ್ವೇನಪ್ಪ?" ಅಂತ ಆಮೇಲೆ ಸೆರಗು ತೆಗೆದು ಕೇಳಿದಳು. ಸಾಹೇಬರು ಬಾಯಿ ತೆರೆದರು.

ಅಷ್ಟರಲ್ಲಿ ನರ್ಸಮ್ಮನ ಕೈಯಿಂದ ಸ್ಟೀಲ್ ತಟ್ಟೆ ಜಾರಿ ನೆಲಕ್ಕೆ ಢಣ್ ಅಂತ ಬಿತ್ತು. ಸಾಹೇಬರು ಹೌಹಾರಿ, ಅಳಿಯನ ಮೇಲಿಟ್ಟಿದ್ದ ಕೈಯನ್ನು ಕಿತ್ತುಕೊಂಡು ಎದ್ದು ನಿಂತುಬಿಟ್ಟರು. ಮಂಚದ ಮೇಲಿದ್ದವನು ಅಲುಗಲಿಲ್ಲ. ನರ್ಸಮ್ಮ ತಟ್ಟೆ ಎತ್ತೋದು ಬಿಟ್ಟು ಓಡಿಬಂದು, ಅವನ ಮೂಗಿನ ಹತ್ತಿರ ಬೆರಳು ಹಿಡಿದು, ತಲೆ ಅಡ್ಡಡ್ಡ ಆಡಿಸಿದಳು.

ಮಗಳು ಗಂಡನ ಕಡೆ ನೋಡಲಿಲ್ಲ. ಎದೆಗೆ ಕೈ ಅವಚಿಕೊಂಡು ನಿಂತಿದ್ದ ಅಪ್ಪನನ್ನೇ ನೋಡುತ್ತ, "ಬೆಚ್ಚಪ್ಪ," ಅಂದಳು.